ನಡುವಿನ ಲೆನ್ಸು, ನೀಲಿ ಹರಳು

ಮಳೆ ಹಿಡಿದ ಮೊದಲ ವಾರ ನಾನು ಅಡುಗೆಮನೆಗೆ ಹೋಗಿ ಹರಳು ಹುರಿಯುತ್ತೇನೆ. ನಗಬೇಡಿ. ಇದು ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ಖಾಯಂ ಆದ ಕೆಲಸ. ಅದಕ್ಕೆಂದೇ ಕಿವಿ ಮುರಿದ ಒಂದು ಬಾಣಲೆಯನ್ನು ನನ್ನ ಹೆಂಡತಿ ಸರೋಜ ಬೇರೆಯಾಗಿ ಎತ್ತಿಟ್ಟಿದ್ದಾಳೆ. ಅದನ್ನು ಅಡುಗೆಗೆ ಬಳಸುವ ಹಾಗಿಲ್ಲ, ಅಡುಗೆ ಪಾತ್ರೆಗಳ ಜೊತೆ ತೊಳೆಯುವ ಹಾಗೂ ಇಲ್ಲ. ಹರಳು ಎಂದರೆ ಸಿಲಿಕಾ ಜೆಲ್. ಹೊಸ ಶೂ ಡಬ್ಬಿಯಲ್ಲಿ ಒಂದು ಚಿಕ್ಕ ಪೊಟ್ಟಣ ಹಾಕಿರುತ್ತಾರಲ್ಲ, ಅದೇ ಜಾತಿ. ನನ್ನದು ಬಣ್ಣದ್ದು. ಒಣಗಿದ್ದಾಗ ಕಡು ನೀಲಿ. ಗಾಳಿಯ ತೇವ ಕುಡಿದು ಹೊಟ್ಟೆ ತುಂಬಿತೋ, ಪೇಲವ ಗುಲಾಬಿ. ಗುಲಾಬಿಯಾದದ್ದನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಅದನ್ನು ಬಟ್ಟೆಯ ಚೀಲಕ್ಕೆ ತುಂಬಿ, ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟರೆ ಆ ವರ್ಷದ ನನ್ನ ಕರ್ತವ್ಯ ಮುಗಿಯಿತು.

"ಈಗ ಅದರೊಳಗೆ ಕ್ಯಾಮೆರಾನೂ ಇಲ್ಲ, ಲೆನ್ಸೂ ಇಲ್ಲ. ಸುಮ್ನೆ ಗ್ಯಾಸ್ ದಂಡ," ಎಂದು ಸರೋಜ ವರ್ಷವೂ ಹೇಳುತ್ತಾಳೆ. ಅದರೊಳಗೆ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನಿಮಗೂ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಂಶಾವಳಿಯನ್ನು ನೀವು ಸ್ವಲ್ಪ ಕೇಳಿಸಿಕೊಳ್ಳಬೇಕಾಗುತ್ತದೆ.

ನಾನು ಬೆಟ್ಟದಪುರದವನು. ಬೇಸಿಗೆ ರಜ ಬಂತೆಂದರೆ ಕೆ.ಆರ್. ನಗರದ ಸೋದರತ್ತೆಯ ಮನೆಗೆ ನನ್ನನ್ನು ಸಾಗಿಸಿಬಿಡುತ್ತಿದ್ದರು. ಅತ್ತೆಯ ಮಗ ಮಂಜ ನನ್ನ ಓರಗೆಯವನು. ಒಂದು ವರ್ಷ ಅವನಿಗೆ ಯಾರೋ ಭೂತಗನ್ನಡಿ ತಂದುಕೊಟ್ಟಿದ್ದರು. ಕರಿಯ ಹಿಡಿಯ, ಅಂಗೈಯಗಲದ ಗಾಜು. ಅದರಲ್ಲಿ ಅವನು ಒಣಗಿದ ಆಲದೆಲೆ ಸುಡುತ್ತಿದ್ದ, ಇರುವೆಯನ್ನು ಜಿರಲೆ ಮಾಡಿ ತೋರಿಸುತ್ತಿದ್ದ. ನನ್ನ ಕೈಗೂ ಕೊಡುತ್ತಿದ್ದ, ಇಲ್ಲವೆನ್ನಲಾರೆ. ಆದರೆ ಹತ್ತು ಎಣಿಸುವಷ್ಟರಲ್ಲಿ ಕಿತ್ತುಕೊಳ್ಳುತ್ತಿದ್ದ. ಆ ಹತ್ತು ಎಣಿಕೆಯಲ್ಲಿ ನಾನು ಏನನ್ನೂ ನೋಡುತ್ತಿರಲಿಲ್ಲ, ಎಣಿಕೆಯನ್ನೇ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ನಾಲೆಯ ಏರಿಯ ಮೇಲೆ ಓಡುವಾಗ ಗಾಜು ಅವನ ಚಡ್ಡಿಯ ಜೇಬಿನಿಂದ ಜಾರಿ ಡುಬುಕ್ಕೆಂದು ನೀರಿಗೆ ಬಿತ್ತು. ಜೇಬಿನ ಮೂಲೆ ಹರಿದಿತ್ತು. ಹರಿದಿರುವುದನ್ನು ನಾನು ಬೆಳಿಗ್ಗೆ ರೊಟ್ಟಿ ತಿನ್ನುವಾಗಲೇ ನೋಡಿದ್ದೆ. ಹೇಳಿರಲಿಲ್ಲ. ಕದ್ದಿಲ್ಲ, ತಳ್ಳಿಲ್ಲ, ಒಂದು ಸುಳ್ಳೂ ಆಡಿಲ್ಲ, ಸುಮ್ಮನಿದ್ದೆ, ಅಷ್ಟೆ. ಅವನು ಅಳುತ್ತಿದ್ದಾಗ ಎಲ್ಲರಿಗಿಂತ ಜಾಸ್ತಿ ನೀರಿಗಿಳಿದು ಹುಡುಕಿದವನೂ ನಾನೇ. ಅತ್ತೆ ಮೆಚ್ಚಿಕೊಂಡು ನನಗೆ ಒಂದು ಚೂರು ಬೆಲ್ಲ ಕೊಟ್ಟರು.

ಇಷ್ಟು ತಿಳಿದರೆ ಮುಂದಿನದು ನಿಮಗೆ ಆಶ್ಚರ್ಯವಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಫೋಟೋಗ್ರಫಿಯ ಹುಚ್ಚು ಹಿಡಿದಿತ್ತು. ಆಗ ಡಿಜಿಟಲ್ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಮೂವತ್ತಾರು ಫೋಟೋದ ಒಂದು ರೋಲು ಹಾಕಿ, ಅದು ಮುಗಿಯುವವರೆಗೆ ತಿಂಗಳುಗಟ್ಟಲೆ ಕಾದು, ತೊಳೆಸಿ ತಂದಾಗ ಇಪ್ಪತ್ತು ಹಾಳಾಗಿರುತ್ತಿದ್ದವು. ನನ್ನ ಹೆಗಲ ಬ್ಯಾಗಿನಲ್ಲಿ ಲೆನ್ಸಿಗೆಂದು ಮೂರು ಗೂಡುಗಳು. ಒಂದರಲ್ಲಿ ಇಪ್ಪತ್ತೆಂಟು ಮಿಲಿಮೀಟರಿನ ಅಗಲದ ಲೆನ್ಸು; ಈ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ದೂರದ್ದು ಹತ್ತಿರ ಬರುತ್ತದೆ. ಅದರಲ್ಲಿ ಇಡೀ ಬೆಟ್ಟದಪುರದ ಬೆಟ್ಟ, ಕೆಳಗಿನ ಊರು, ಮೇಲಿನ ಮೋಡ ಎಲ್ಲ ಬರುತ್ತಿತ್ತು, ಮನುಷ್ಯರು ಮಾತ್ರ ಇರುವೆಗಳಾಗುತ್ತಿದ್ದರು. ಇನ್ನೊಂದರಲ್ಲಿ ಎಂಬತ್ತರಿಂದ ಇನ್ನೂರರವರೆಗೆ ಎಳೆಯುವ ದೂರದ ಲೆನ್ಸು. ಎಚ್.ಡಿ. ಕೋಟೆಯ ಹಿನ್ನೀರಿನ ಆನೆಗಳಿಗೆಂದು ಆಸೆಪಟ್ಟು ಕೊಂಡದ್ದು. ಅದರಲ್ಲಿ ಆನೆ ಎಮ್ಮೆಯಷ್ಟು ಕಾಣುತ್ತಿತ್ತು, ಮನುಷ್ಯರ ಕಡೆ ತಿರುಗಿಸಿದರೆ ಮೂಗು ಮತ್ತು ಅರ್ಧ ಮೀಸೆ ಬರುತ್ತಿತ್ತು. ಮೂರನೆಯ ಗೂಡು ಖಾಲಿ. ಅದು ನಡುವಿನ ಲೆನ್ಸಿನದು. ಎದುರಿಗೆ ಕೂತು ಮಾತಾಡುವ ಮನುಷ್ಯ ಎಷ್ಟು ದೂರದಲ್ಲಿರುತ್ತಾನೋ, ಆ ದೂರದ ಲೆನ್ಸು ನನ್ನ ಹತ್ತಿರ ಇರಲಿಲ್ಲ.

ಇರಲಿಲ್ಲ ಎನ್ನುವುದಕ್ಕಿಂತ ನಾನೇ ಕಳೆದುಕೊಂಡಿದ್ದೆ ಎನ್ನಬೇಕು. ನನ್ನ ಮೊದಲ ಕ್ಯಾಮೆರಾದ ಜೊತೆ ಒಂದು ಸಾದಾ ಐವತ್ತರ ಲೆನ್ಸು ಬಂದಿತ್ತು. ಎಲ್ಲರ ಹತ್ತಿರವೂ ಇರುವಂಥದ್ದು, ನನ್ನಂಥ ಕಲಾವಿದನಿಗೆ ಇದೇಕೆ ಎಂದುಕೊಂಡು, ಅದೇ ಕಂಪನಿಯ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಆ ಲೆನ್ಸಿನ ಸಮೇತ ಸಣ್ಣಸ್ವಾಮಿಗೆ ಮಾರಿಬಿಟ್ಟೆ.

ಸಣ್ಣಸ್ವಾಮಿ ಕಟ್ಟೆಮಳಲವಾಡಿಯವನು. ಹೊಗೆಸೊಪ್ಪಿನ ಬೇಸಾಯ. ಅವನ ಮಗಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ಅವಳ ವಿಜ್ಞಾನದ ಮಾರ್ಕ್ಸು ವಿಚಾರಿಸಲು ಬಂದವನು ನನ್ನ ಮೇಜಿನ ಮೇಲಿದ್ದ ಕ್ಯಾಮೆರಾ ನೋಡಿ ಮಗಳನ್ನು ಮರೆತ. ನನ್ನದೇ ವಯಸ್ಸು, ಆದರೂ ಅವನು ನನಗೆ ನೀವು, ನಾನು ಅವನಿಗೆ ನೀನು. ಮೇಷ್ಟ್ರಾದರೆ ಅದೊಂದು ಅನುಕೂಲ. ಫಿಲ್ಮು ಹಾಕುವುದು, ಬೆಳಕು ಅಳೆಯುವುದು, ಉಸಿರು ಹಿಡಿದು ಒತ್ತುವುದು ಎಲ್ಲ ನಾನೇ ಕಲಿಸಿದೆ. ಭಾನುವಾರ ಇಬ್ಬರೂ ಅವನ ಮೊಪೆಡ್ಡಿನಲ್ಲಿ ಸುತ್ತುತ್ತಿದ್ದೆವು. ಊರಿನಲ್ಲಿ ನನ್ನ ಮಾತಿಗೆ ಇಷ್ಟು ತಲೆಯಾಡಿಸುವ ಇನ್ನೊಬ್ಬ ಮನುಷ್ಯ ಇರಲಿಲ್ಲ. ನನಗೂ ಅವನಿಲ್ಲದ ಭಾನುವಾರ ಸಪ್ಪೆಯೆನಿಸುತ್ತಿತ್ತು.

ಹುಣಸೂರಿನ ಪೇಟೆಯಲ್ಲಿ ಖಲೀಲ್ ಸಾಬರ ಗಡಿಯಾರದ ಅಂಗಡಿ. ವಾಚಿನ ಜೊತೆ ಕ್ಯಾಮೆರಾ ರಿಪೇರಿಯೂ ಗೊತ್ತಿದ್ದವರು ಈ ಕಡೆಯ ನಾಲ್ಕು ತಾಲ್ಲೂಕಿಗೆ ಅವರೊಬ್ಬರೇ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಲೆನ್ಸುಗಳನ್ನು ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ವಾಚುಗಳ ಮಧ್ಯೆ ಇಡುತ್ತಿದ್ದರು. ಆ ವರ್ಷ ಅದರಲ್ಲಿ ಎರಡು ನಡುವಿನ ಲೆನ್ಸುಗಳಿದ್ದವು. ಒಂದು ಮೂವತ್ತೈದರಿಂದ ಎಪ್ಪತ್ತಕ್ಕೆ ಹೋಗುವ ಪುಟಾಣಿ. ಇನ್ನೊಂದು ಮೂವತ್ತೈದರಿಂದ ನೂರಾ ಐದಕ್ಕೆ ಹೋಗುವ ಗುಂಡುಕಲ್ಲು. ಎರಡೂ ನನ್ನ ಕ್ಯಾಮೆರಾಕ್ಕೆ ಕೂರುತ್ತಿದ್ದವು. ಯಾವುದನ್ನು ಕೊಳ್ಳುವುದು?

ಬೇರೆ ಯಾರಾದರೂ ಆಗಿದ್ದರೆ ಅರ್ಧ ಗಂಟೆಯ ಕೆಲಸ. ನನಗೆ ಒಂದು ವರ್ಷ ಹಿಡಿಯಿತು. ನಾನು ವಿಜ್ಞಾನದ ಮೇಷ್ಟ್ರು, ಪ್ರಯೋಗ ಮಾಡದೆ ತೀರ್ಮಾನಕ್ಕೆ ಬರುವವನಲ್ಲ. ಮದುವೆಯ ಕರೆಯೋಲೆಯ ದಪ್ಪ ರಟ್ಟಿನಲ್ಲಿ ಫಿಲ್ಮಿನ ಅಳತೆಗೆ ಸರಿಯಾಗಿ ಒಂದು ಕಿಟಕಿ ಕತ್ತರಿಸಿದೆ. ಅದಕ್ಕೊಂದು ದಾರ ಕಟ್ಟಿ, ಮೂವತ್ತೈದು ಮಿಲಿಮೀಟರಿಗೆ ಒಂದು ಗಂಟು, ಐವತ್ತಕ್ಕೆ ಒಂದು, ಎಪ್ಪತ್ತಕ್ಕೆ ಒಂದು, ನೂರಾ ಐದಕ್ಕೆ ಒಂದು ಹಾಕಿದೆ. ಬೇಕಾದ ಗಂಟನ್ನು ಕೆನ್ನೆಗೆ ಒತ್ತಿ ಹಿಡಿದು, ದಾರ ಬಿಗಿಯಾಗುವಷ್ಟು ದೂರದಲ್ಲಿ ರಟ್ಟನ್ನು ಹಿಡಿದರೆ, ಆ ಲೆನ್ಸಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಕಿಟಕಿಯಲ್ಲಿ ಕಾಣುತ್ತದೆ. ಈ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಭಾನುವಾರಗಳಲ್ಲಿ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡು, ಕೆ.ಆರ್. ನಗರದ ಸೇತುವೆ, ಎಚ್.ಡಿ. ಕೋಟೆಯ ರಸ್ತೆ ಎಲ್ಲ ಕಡೆ ಒಂದು ಕಣ್ಣು ಮುಚ್ಚಿಕೊಂಡು ನಿಂತೆ. ಸಣ್ಣಸ್ವಾಮಿ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ.

ಹಂಪಾಪುರದಲ್ಲಿ ಹೀಗೆ ನಿಂತಿದ್ದಾಗ ಒಂದು ಚಿಕ್ಕ ಹೋಟೆಲಿನವನು ಹೊರಗೆ ಬಂದು ನಮ್ಮನ್ನು ಒಂದು ಗಳಿಗೆ ನೋಡಿದ. ಒಬ್ಬ ಕಣ್ಣು ಮುಚ್ಚಿ ದಾರ ಎಳೆದು ಅಳೆಯುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಅವನ ಮುಖ ಬಿಳಿಚಿಕೊಂಡಿತು.

"ಸಾರ್, ರೋಡ್ ಅಗಲ ಮಾಡೋದು ಖಾತ್ರಿ ಆಯ್ತಾ? ನಮ್ದು ಎಷ್ಟಡಿ ವೋಯ್ತದೆ?" ಎಂದ.

ಇಲ್ಲಪ್ಪ, ಲೆನ್ಸು ನೋಡ್ತಿದೀನಿ ಎಂದರೆ ನಂಬಲಿಲ್ಲ. "ಮುಂದ್ಲು ತಡಿಕೆ ಒಂದ್ ಬುಟ್ಬುಡಿ ಸಾರ್, ಮಕ್ಳು ಮರಿ ಅವೆ," ಎಂದು ಒಳಗೆ ಕೂರಿಸಿ, ಬಿಸಿ ವಡೆ, ಅದರ ಮೇಲೊಂದು ಟೀ ಕೊಟ್ಟ. ಕಾಸು ತೆಗೆದುಕೊಳ್ಳಲಿಲ್ಲ. ನಾನು ತಿಂದೆ. ಸಣ್ಣಸ್ವಾಮಿ ಬರುವಾಗ, "ನಿನ್ ತಡಿಕೆಗೇನೂ ಆಗಾಕಿಲ್ಲ ಕಣಣ್ಣ, ಇವ್ರು ನಮ್ ಮೇಷ್ಟ್ರು," ಎಂದು ಅವನ ಬೆನ್ನು ತಟ್ಟಿ, ಕಾಸನ್ನು ಟೇಬಲಿನ ಮೇಲಿಟ್ಟು ಬಂದ. ಆಗಲೇ ನನಗೆ ಸಣ್ಣಸ್ವಾಮಿಯ ಮೇಲೆ ಒಂದಿಷ್ಟು ಕೋಪ ಬಂದಿತ್ತು ಎನ್ನುವುದು ಈಗ ನೆನಪಾಗುತ್ತಿದೆ.

ಅಂತೂ ನೋಟ್‌ಬುಕ್ ತುಂಬಿತು. ಮೂವತ್ತೈದರಿಂದ ನೂರಾ ಐದರದೇ ಸರಿ ಎಂದು ಸಂಶೋಧನೆ ಮುಗಿಯಿತು. ಅದನ್ನು ಖಲೀಲ್ ಸಾಬರ ಮುಂದೆ ಘೋಷಿಸಲು ಒಂದು ಸಂಜೆ ಸಣ್ಣಸ್ವಾಮಿಯನ್ನೂ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಹತ್ತು ನಿಮಿಷ ಭಾಷಣ ಮಾಡಿದೆ. ಎಪ್ಪತ್ತರಲ್ಲಿ ಮುಖ ಯಾಕೆ ಚೆನ್ನ, ಐವತ್ತರಲ್ಲಿ ಇಬ್ಬರು ಕೂತದ್ದು ಯಾಕೆ ಚೆನ್ನ, ನೂರಾ ಐದರಲ್ಲಿ ಹೊಲದ ಬದುವಿನಾಚೆ ನಿಂತವರು ಹೇಗೆ ಹತ್ತಿರ ಬರುತ್ತಾರೆ. ಸಾಬರು ಕಣ್ಣಿನ ಭೂತಗನ್ನಡಿ ಹಣೆಗೇರಿಸಿಕೊಂಡು ಪೂರ್ತಿ ಕೇಳಿದರು.

"ಬಹುತ್ ಅಚ್ಛಾ. ತಗೊಳ್ಳಿ ಮತ್ತೆ. ಒಂದು ವರ್ಷದಿಂದ ನೀವು ನೋಡಿ ನೋಡಿ ಗಾಜು ಸವೆದೋಯ್ತು ಮೇಷ್ಟ್ರೇ," ಎಂದರು.

ಆಗ ನನಗೆ ಏನಾಯಿತೋ. ಕೊಂಡುಬಿಟ್ಟರೆ ಆರಿಸುವ ಸುಖ ಮುಗಿದುಹೋಗುತ್ತದಲ್ಲ ಎಂಬ ಭಯವಿರಬೇಕು. "ಬೆಳಗಿನ ಬೆಳಕಿನಲ್ಲಿ ಇನ್ನೊಂದು ಸಲ ನೋಡ್ತೀನಿ. ಮುಂದಿನ ವಾರ ಹೇಳ್ತೀನಿ," ಎಂದೆ.

ಸಣ್ಣಸ್ವಾಮಿ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಹಾಕಿ, ಹತ್ತಿರ ದೂರ ಮಾಡುವ ಉಂಗುರವನ್ನು ಒಂದೇ ಒಂದು ಸಲ ತಿರುಗಿಸಿ, ಸಾಬರ ಕಡೆ ನೋಡಿದ. "ಸಾಬ್ರ ಮಖ ಸಂದಾಗ್ ಕಾಣ್ತದೆ ಇದ್ರಾಗೆ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ನೀವು ತಕಳಾಕಿಲ್ವಾ ಮೇಷ್ಟ್ರೇ?" ಎಂದು ಕೇಳಿದ.

ಬೇಡ, ಅದು ನನ್ನದು ಎನ್ನಬೇಕಾಗಿತ್ತು. ಬಾಯಿಗೆ ಬಂದದ್ದು ಬೇರೆ. "ನನಗೇನು ಅವಸರ ಇಲ್ಲಪ್ಪ. ನಿನಗೆ ಬೇಕಾದ್ರೆ ತಗೋ," ಎಂದೆ.

ಆ ವರ್ಷ ಅವನಿಗೆ ಸೊಪ್ಪಿನಲ್ಲಿ ಒಳ್ಳೆಯ ರೇಟು ಸಿಕ್ಕಿತ್ತು. ಅಲ್ಲೇ ತೆಗೆದುಕೊಂಡ. ಒಂದು ವರ್ಷದ ನನ್ನ ಪ್ರೇಮ ಐದು ನಿಮಿಷದಲ್ಲಿ ಅವನ ಕೊರಳಿಗೆ ನೇತುಬಿದ್ದಿತ್ತು. ಅಂಗಡಿಯ ಮೆಟ್ಟಿಲಿಳಿಯುತ್ತ, "ಇತ್ಲಾಗ್ ನೋಡಿ ಮೇಷ್ಟ್ರೇ, ಮೊದಲ್ನೇದು ನಿಮ್ದೇ," ಎಂದು ಕ್ಲಿಕ್ ಮಾಡಿದ. ನಾನು ನಕ್ಕೆ. ನಕ್ಕೆ ಎಂದೇ ಅಂದುಕೊಂಡಿದ್ದೆ.

ಆಮೇಲಿನ ಮೂರು ತಿಂಗಳು ನಾನು ಸುಖವಾಗಿ ಊಟ ಮಾಡಲಿಲ್ಲ. "ನಿಮ್ಗೆ ಬೇಕಾದಾಗ ತಕೊಂಡೋಗಿ ಮೇಷ್ಟ್ರೇ, ಬ್ಯಾರೆ ಅಲ್ಲ," ಎಂದು ಅವನು ನಾಲ್ಕಾರು ಸಲ ಹೇಳಿದ. ಒಂದು ಸಲವೂ ಮುಟ್ಟಲಿಲ್ಲ. ಭಾನುವಾರ ಬಂದರೆ ಪೇಪರ್ ತಿದ್ದುವುದಿದೆ ಎಂದು ಮನೆಯಲ್ಲೇ ಕೂತೆ. ಅವನು ರೋಲು ತೊಳೆಸಿ ಫೋಟೋಗಳನ್ನು ಮೊದಲು ನನ್ನ ಹತ್ತಿರವೇ ತರುತ್ತಿದ್ದ. ಹೆಂಗಸರು ಚಪ್ಪರದ ಕೆಳಗೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು. ಅವನ ತಾಯಿ ಕಾಳಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏನನ್ನೋ ಹೇಳಲು ತಲೆಯೆತ್ತಿದ್ದು. ಬಸ್ಸಿಗೆ ಕಾಯುವ ಇಬ್ಬರು ಮುದುಕರು ಒಂದೇ ಬೀಡಿಯ ಬೆಂಕಿಗೆ ಬಗ್ಗಿದ್ದು. ನೋಡುತ್ತಿದ್ದರೆ ಅವರು ಈಗ ನಮ್ಮನ್ನೇ ಮಾತಾಡಿಸುತ್ತಾರೆ ಎನಿಸುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು, "ತಲೆಯ ಮೇಲೆ ಜಾಗ ಸ್ವಲ್ಪ ಕಮ್ಮಿಯಾಯ್ತು," ಎನ್ನುತ್ತಿದ್ದೆ. "ಔದಾ ಮೇಷ್ಟ್ರೇ?" ಎಂದು ಅವನು ಶ್ರದ್ಧೆಯಿಂದ ಮತ್ತೆ ನೋಡುತ್ತಿದ್ದ. ನನಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು.

ಸರೋಜ ಕಾಳಮ್ಮನ ಫೋಟೋವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನು ಹೋದ ಮೇಲೆ, "ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ನೀವ್ಯಾಕೆ ನನ್ನ ಹೀಗೆ ಒಂದು ತೆಗೆದಿಲ್ಲ?" ಎಂದು ಕೇಳಿದಳು. ನಮ್ಮ ಆಲ್ಬಮ್ ತೆಗೆದು ನೋಡಿದೆ. ಒಂದರಲ್ಲಿ ಅವಳು ಬೆಟ್ಟದಪುರದ ಮೆಟ್ಟಿಲುಗಳ ತುದಿಯಲ್ಲಿ ಒಂದು ಹಸಿರು ಚುಕ್ಕಿ. ಇನ್ನೊಂದರಲ್ಲಿ ಬರಿಯ ಒಂದು ಓಲೆ, ಕಿವಿ, ಸ್ವಲ್ಪ ಕೂದಲು. ನಡುವಿನ ಸರೋಜ ಎಲ್ಲಿಯೂ ಇರಲಿಲ್ಲ.

ಮಳೆಗಾಲ ಬಂತು. ಕ್ಯಾಮೆರಾ ಇಟ್ಟುಕೊಂಡವರಿಗೆ ಇದು ಕೆಟ್ಟ ಕಾಲ. ಲೆನ್ಸಿನ ಒಳಗಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಬಿಳಿ ಎಳೆಗಳು ಬಂದವೆಂದರೆ ಲೆನ್ಸಿನ ಕತೆ ಮುಗಿದ ಹಾಗೆ. ಒಂದು ಸಂಜೆ ಸಣ್ಣಸ್ವಾಮಿ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದ.

"ಮೇಷ್ಟ್ರೇ, ಮಳೇಗೆ ಲೆನ್ಸಿಗೆ ಬೂಷ್ಟು ಇಡೀತದೆ ಅಂದ್ರು ಸಾಬ್ರು. ನಮ್ಮನೆ ಗ್ವಾಡೆ ಎಲ್ಲಾ ತ್ಯಾವ. ಎಲ್ ಮಡಗ್ಲಿ ಯೇಳಿ."

ನನ್ನ ಬೆನ್ನ ಹಿಂದಿನ ಬೀರುವಿನಲ್ಲಿ ಬಿಸ್ಕತ್ತಿನ ಡಬ್ಬಿಯಿತ್ತು. ಅದರಲ್ಲಿ ನನ್ನ ಎರಡು ಲೆನ್ಸುಗಳೂ ನೀಲಿ ಹರಳಿನ ಪಕ್ಕ ಬೆಚ್ಚಗೆ ಮಲಗಿದ್ದವು. ಇನ್ನೂ ಎರಡು ಡಬ್ಬಿಗಾಗುವಷ್ಟು ಹರಳು ಒಂದು ಬಾಟಲಿಯಲ್ಲಿ ತುಂಬಿತ್ತು. ಎದ್ದು ಬೀರು ತೆಗೆದರೆ ಒಂದು ನಿಮಿಷದ ಕೆಲಸ. ನಾನು ಏಳಲಿಲ್ಲ.

"ಒಣಗಿರೋ ಕಡೆ, ಬೆಚ್ಚಗಿರೋ ಕಡೆ ಇಟ್ಕೋ. ಅಷ್ಟೇ," ಎಂದೆ.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಾಠದ ಪುಸ್ತಕದಲ್ಲಿ ಹಾಕಿದರೂ ತಪ್ಪೆನ್ನುವಂತಿಲ್ಲ. ಅವನು ತಲೆಯಾಡಿಸಿ, ಚೀಲ ಹೊದ್ದು, ಮಳೆಯಲ್ಲೇ ಹೊರಟ.

ಹೊಗೆಸೊಪ್ಪು ಬೆಳೆಯುವವನಿಗೆ ಒಣಗಿದ, ಬೆಚ್ಚಗಿನ ಜಾಗ ಎಂದರೆ ಯಾವುದು ಹೇಳಿ? ಬ್ಯಾರನ್. ನಮ್ಮ ಕಡೆ ಹೊಲಹೊಲದಲ್ಲೂ ನಿಂತಿರುತ್ತದಲ್ಲ, ಸೊಪ್ಪು ಹದ ಮಾಡುವ ಎತ್ತರದ ಕಟ್ಟಡ. ಒಳಗೆ ಗಳುಗಳ ಮೇಲೆ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳ ಮೂಲಕ ಐದಾರು ದಿನ ಶಾಖ ಕೊಡುತ್ತಾರೆ. ಮೊದಲು ಎಲೆ ಹಳದಿಯಾಗಲು ಹದವಾದ ಬಿಸಿ, ಆಮೇಲೆ ದಂಟಿನ ತನಕ ಒಣಗಲು ಜೋರು ಬಿಸಿ. ಎಲೆಗೆ ಒಂದು ಚುಕ್ಕಿ ಬೂಷ್ಟು ಬಂದರೆ ದರ್ಜೆ ಇಳಿಯಿತೆಂದೇ ಲೆಕ್ಕ. ಬೂಷ್ಟಿನ ಶತ್ರು ಬ್ಯಾರನ್ ಎಂದು ಆ ಜನಕ್ಕೆ ಹುಟ್ಟಿದಾಗಿನಿಂದ ಗೊತ್ತು. ಒಂದು ಸಲದ ಸೊಪ್ಪು ಇಳಿಸಿ ಇನ್ನೊಂದು ಸಲದ್ದು ತುಂಬುವ ನಡುವೆ ಎರಡು ಮೂರು ದಿನ ಬ್ಯಾರನ್ ಖಾಲಿ ಇರುತ್ತದೆ, ಗೋಡೆಗಳು ಇನ್ನೂ ಬೆಚ್ಚಗಿರುತ್ತವೆ. ಆಗ ಸಣ್ಣಸ್ವಾಮಿ ಲೆನ್ಸನ್ನು ಟವೆಲಿನಲ್ಲಿ ಕಟ್ಟಿ ಮೇಲಿನ ಗಳುವಿಗೆ ನೇತುಹಾಕುತ್ತಿದ್ದ. ಸೊಪ್ಪು ತುಂಬುವ ಮುಂಚೆ ಇಳಿಸಿಕೊಳ್ಳುತ್ತಿದ್ದ. ಎರಡು ಸಲ ಚೆನ್ನಾಗಿಯೇ ನಡೆಯಿತು. ಮೂರನೆಯ ಸಲ ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆಗೆಂದು ಹೋದವನು ನಾಲ್ಕು ದಿನ ಉಳಿದುಬಿಟ್ಟ. ಗಂಟಿನ ವಿಷಯ ಯಾರಿಗೂ ಹೇಳಿರಲಿಲ್ಲ. ಮನೆಯವರು ಸೊಪ್ಪು ತುಂಬಿ, ಬಾಗಿಲು ಹಾಕಿ, ಒಲೆ ಹೊತ್ತಿಸಿದರು.

ಇದನ್ನೆಲ್ಲ ಅವನೇ ಬಂದು ನಮ್ಮ ಮನೆಯ ಜಗುಲಿಯಲ್ಲಿ ಕೂತು ಹೇಳಿದ. ಲೆನ್ಸು ನನ್ನ ಕೈಯಲ್ಲಿತ್ತು. ಜಿಡ್ಡು ಕರಗಿ ಒಳಗೆಲ್ಲ ಹರಿದಿತ್ತು, ಗಾಜು ಕಂದಿತ್ತು, ಉಂಗುರ ಎಪ್ಪತ್ತರ ಗುರುತಿನಲ್ಲಿ ಕಚ್ಚಿಕೊಂಡು ಅಲ್ಲಾಡುತ್ತಿರಲಿಲ್ಲ. ಘಾಟು ಬೇರೆ.

"ಸಾಬ್ರು ಮೂಗ್ತವ ಇಡ್ಕಂಡು, ಇದು ಲೆನ್ಸಾ ಬೀಡಿನಾ ಅಂದ್ರು," ಎಂದು ಸಣ್ಣಸ್ವಾಮಿ ನಗಲು ನೋಡಿದ. ಕಣ್ಣಲ್ಲಿ ನೀರಿತ್ತು.

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಮೊದಲು ಆದದ್ದು ಸಂತೋಷ. ಒಳಗಿನಿಂದ ಯಾರೋ ಬೆಲ್ಲದ ಚೂರು ಕೊಟ್ಟ ಹಾಗಾಯಿತು. ಅಯ್ಯೋ ಪಾಪ ಎಂದು ಬಾಯಿ ಹೇಳುತ್ತಿತ್ತು.

ಅಷ್ಟರಲ್ಲಿ ಸರೋಜ ಕಾಫಿ ತಂದವಳು ಮರುಕದಿಂದ, "ಅಯ್ಯೋ, ಬ್ಯಾರನ್ನಲ್ಲಿ ಯಾಕಿಟ್ರಿ? ಇವರು ಇಡೋ ಹಾಗೆ ಡಬ್ಬೀಲಿ ನೀಲಿ ಹರಳು ಹಾಕಿ ಇಡಬೇಕಿತ್ತು. ನಿಮಗೆ ಹೇಳಲಿಲ್ವಾ ಇವರು?" ಎಂದಳು. ನಾನು ತಡೆಯುವ ಮೊದಲೇ ಬೀರು ತೆಗೆದು ಡಬ್ಬಿಯನ್ನೂ ಬಾಟಲಿಯನ್ನೂ ತಂದು ಅವನ ಮುಂದಿಟ್ಟಳು.

ಸಣ್ಣಸ್ವಾಮಿ ಒಂದು ಹರಳನ್ನು ಅಂಗೈಮೇಲೆ ಹಾಕಿಕೊಂಡು ನೋಡಿದ. "ಇದೇನ್ ಮೇಷ್ಟ್ರೇ?" ಎಂದ. ನಾನು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ: ತೇವ ಹೀರುತ್ತದೆ, ಗುಲಾಬಿಯಾಗುತ್ತದೆ, ಹುರಿದರೆ ನೀಲಿಯಾಗುತ್ತದೆ. ಅವನು ಪೂರ್ತಿ ಕೇಳಿದ. ಹರಳನ್ನು ವಾಪಸು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದ. "ಸರಿ ಬುಡಿ," ಎಂದು ಕಾಫಿ ಕುಡಿದು, ಲೆನ್ಸನ್ನು ಟವೆಲಿಗೆ ಸುತ್ತಿಕೊಂಡು ಹೋದ. ಸರೋಜ ಅವನ ಬೆನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ, ಒಳಗೆ ಹೋದಳು.

ಆಮೇಲೆ ಐದು ಭಾನುವಾರ ಅವನು ಬರಲಿಲ್ಲ. ಮೊದಲ ಭಾನುವಾರ, ಬರದಿದ್ದರೆ ಬೇಡ ಬಿಡು ಎಂದುಕೊಂಡೆ. ಎರಡನೆಯದಕ್ಕೆ ಮೊಪೆಡ್ಡಿನ ಸದ್ದಿಗೆಲ್ಲ ಕಿಟಕಿಗೆ ಬಂದೆ. ಐದನೆಯ ಭಾನುವಾರ ಹರಳಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಕಟ್ಟೆಮಳಲವಾಡಿಯ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಕಾಳಮ್ಮ ಜಗುಲಿಯಲ್ಲಿದ್ದರು. "ಬನ್ನಿ ಮೇಷ್ಟ್ರೇ, ಕೂತ್ಕಳಿ. ಸಣ್ಣಸ್ವಾಮಿ ಸೊಪ್ಪು ಇಳಿಸ್ತಾವ್ನೆ, ಕರೀತೀನಿ," ಎಂದು ನಡುಮನೆಯಲ್ಲಿ ಕೂರಿಸಿದರು. ಎದುರು ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ, ಚೌಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ. ಖಲೀಲ್ ಸಾಬರ ಅಂಗಡಿಯ ಮೆಟ್ಟಿಲು. ಅದರ ಮೇಲ್ಗಡೆ ನಾನು.

ನನ್ನನ್ನು ಯಾರೂ ಅಷ್ಟು ಚೆನ್ನಾಗಿ ತೆಗೆದಿರಲಿಲ್ಲ. ಕನ್ನಡಕದ ಹಿಂದಿನ ರೆಪ್ಪೆಕೂದಲು ಎಣಿಸಬಹುದಿತ್ತು. ತುಟಿ ನಗುತ್ತಿತ್ತು. ಕಣ್ಣು ಮಾತ್ರ ನಗುತ್ತಿರಲಿಲ್ಲ, ಕ್ಯಾಮೆರಾದ ಮೂತಿಗೆ ನೆಟ್ಟಿತ್ತು. ಬಲಗೈ ಅರ್ಧ ಮುಂದಕ್ಕೆ ಬಂದು, ಕಿತ್ತುಕೊಳ್ಳಲೋ ಬೇಡವೋ ಎಂದು ನಿಂತುಬಿಟ್ಟಿತ್ತು. ನಾಲೆಯ ಏರಿಯ ಮೇಲೆ ಮಂಜನ ಹಿಂದೆ ಓಡುತ್ತಿದ್ದವನ ಮುಖವೂ ಹೀಗೇ ಇದ್ದಿರಬೇಕು.

"ನೋಡಿ, ಎಂಗ್ ನೋಡ್ತಾವ್ರೆ ಮೇಷ್ಟ್ರು, ಎಲ್ಡ್ ದಿನ ಉಣ್ದೇ ಇದ್ದೋರಂಗೆ," ಎಂದು ಕಾಳಮ್ಮ ಪ್ರೀತಿಯಿಂದ ನಕ್ಕರು. ನಾನು ನೆಲ ನೋಡಿದೆ.

ಸಣ್ಣಸ್ವಾಮಿ ಕೈ ಒರೆಸಿಕೊಳ್ಳುತ್ತ ಬಂದ. ಬಾಟಲಿಯನ್ನು ಅವನ ಮುಂದಿಟ್ಟೆ. "ಪೂರ್ತಿ ತಂದಿದೀನಿ," ಎಂದೆ. ಆಮೇಲೆ, "ಅವತ್ತು ಬೇಕಂತಲೇ ಹೇಳಲಿಲ್ಲ ಕಣೋ. ಹೊಟ್ಟೆಕಿಚ್ಚು," ಎಂದೆ. ಇಷ್ಟು ಹೇಳಲು ನನಗೆ ನಲವತ್ತು ವರ್ಷ ವಯಸ್ಸಾಗಬೇಕಾಯಿತು.

"ಗೊತ್ತು ಮೇಷ್ಟ್ರೇ," ಎಂದ ಅವನು.

"ಹರಳು ನೋಡಿದಾಗ ಗೊತ್ತಾಯ್ತಾ?"

ಅವನು ಗೋಡೆಯ ಕಡೆ ಕತ್ತು ತಿರುಗಿಸಿದ. "ಇದು ತೊಳ್ದು ಬಂದಾಗ್ಲೇ ಗೊತ್ತಾಯ್ತು. ಎಲೆ ಬಣ್ಣ ನೋಡಿ ದರ್ಜೆ ಯೇಳೋನು ನಾನು, ನಿಮ್ ಮಖದ ಬಣ್ಣ ಗೊತ್ತಾಗಾಕಿಲ್ವಾ?"

"ಗೊತ್ತಿದ್ದೂ ಮಳೆಗಾಲದಲ್ಲಿ ನನ್ನನ್ನೇ ಯಾಕೆ ಕೇಳಿದೆ?"

ಇದೇನು ಪ್ರಶ್ನೆ ಎನ್ನುವ ಹಾಗೆ ನೋಡಿದ. "ಇನ್ಯಾರ್ನ ಕೇಳ್ಳಿ? ನಂಗೆ ಕಲಿಸ್ದೋರು ನೀವೇ ಅಲ್ವಾ," ಎಂದ.

ಕಾಳಮ್ಮ ಮುದ್ದೆ ತಿರುವುವ ಸದ್ದು ಕೇಳುತ್ತಿತ್ತು. ಹೊಸ ಲೆನ್ಸು ಕೊಡಿಸುತ್ತೇನೆ ಎಂದೆ, ಬೇಡವೆಂದ. "ಎಪ್ಪತ್ತಕ್ಕೇ ನಿಂತದೆ, ಅಷ್ಟೇ ತಾನೆ. ಮುಂಚೆ ಅದು ಇಂದಕ್ಕೂ ಮುಂದಕ್ಕೂ ಓಯ್ತಿತ್ತು, ಈಗ ನಾನು ಓಯ್ತೀನಿ," ಎಂದ. ನಿಜವಾಗಿಯೂ ಹಾಗೇ ಮಾಡಿದ. ಆ ಕಂದಿದ ಗಾಜಿನಲ್ಲೇ ಇನ್ನೂ ನಾಲ್ಕೈದು ವರ್ಷ ಫೋಟೋ ತೆಗೆದ. ನಮ್ಮ ಹಾಲಿನಲ್ಲಿರುವ ಸರೋಜಳ ಫೋಟೋ ಅವನು ತೆಗೆದದ್ದೇ. ಬಾವಿಕಟ್ಟೆಯ ಹತ್ತಿರ ನಿಂತು, ಯಾರಿಗೋ ಏನೋ ಹೇಳಿ ಆಗತಾನೆ ನಕ್ಕಿದ್ದಾಳೆ. ಸ್ವಲ್ಪ ಮಂಜು ಮಂಜಾಗಿ, ಹದವಾದ ಸೊಪ್ಪಿನ ಬಣ್ಣದಲ್ಲಿ ಬಂದಿದೆ. ಬಂದವರೆಲ್ಲ ಯಾವ ಸ್ಟುಡಿಯೋದಲ್ಲಿ ತೆಗೆಸಿದಿರಿ ಎಂದು ಕೇಳುತ್ತಾರೆ. ಪ್ರತಿ ಸಲ ನನಗೆ ಒಂದು ತೊಟ್ಟು ಉರಿಯುತ್ತದೆ. ವಾಸಿಯಾಯಿತು ಎಂದು ನಿಮಗೆ ಯಾರು ಹೇಳಿದರು?

ಅವತ್ತು ಉಂಡು ಹೊರಡುವಾಗ ಗೋಡೆಯ ಮೇಲಿನ ಫೋಟೋ ಕೇಳಿದೆ. ಊರಿನವರೆಲ್ಲ ನನ್ನ ಆ ಮುಖ ನೋಡುವುದು ಬೇಡವಾಗಿತ್ತು. ಅವನು ಮರುಮಾತಿಲ್ಲದೆ ಮೊಳೆಯಿಂದ ಇಳಿಸಿ, ಚೌಕಟ್ಟು ಬಿಚ್ಚಿ, ಹಳೆ ಪೇಪರಿನಲ್ಲಿ ಸುತ್ತಿದ. ನಾನು ತಂದಿದ್ದ ಬಾಟಲಿಯಿಂದಲೇ ಒಂದು ಹಿಡಿ ಹರಳು ಪೊಟ್ಟಣ ಕಟ್ಟಿ ಅದರ ಮೇಲಿಟ್ಟ.

"ಬೂಷ್ಟು ಇಡೀದಂಗೆ ಮಡೀಕಳಿ," ಎಂದ.

ಆಮೇಲೆ ಫಿಲ್ಮು ಹೋಯಿತು, ಡಿಜಿಟಲ್ ಬಂತು, ನನ್ನ ಎರಡು ಲೆನ್ಸುಗಳೂ ಯಾರದೋ ಪಾಲಾದವು. ಬ್ಯಾಗಿನ ಮೂರನೆಯ ಗೂಡು ಕೊನೆಯವರೆಗೂ ತುಂಬಲಿಲ್ಲ. ಡಬ್ಬಿಯಲ್ಲಿ ಈಗ ಉಳಿದಿರುವುದು ಆ ಫೋಟೋ ಒಂದೇ. ವರ್ಷಕ್ಕೊಮ್ಮೆ, ಹರಳು ನೀಲಿಯಾಗಿ ಆರುವವರೆಗೆ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಅಂಚು ಸ್ವಲ್ಪವೂ ಮಾಸಿಲ್ಲ. ಕಣ್ಣು, ಕೈ, ಹುಸಿನಗು ಎಲ್ಲವೂ ಎಪ್ಪತ್ತರಲ್ಲಿ ಹೇಗೆ ಬರಬೇಕೋ ಹಾಗೇ ಬಂದಿವೆ. ಒಂದು ವರ್ಷ ದಾರ ಹಿಡಿದು ನಾಲ್ಕು ತಾಲ್ಲೂಕು ಅಳೆದದ್ದು ದಂಡವಾಗಲಿಲ್ಲ. ಲೆನ್ಸನ್ನು ನಾನು ಸರಿಯಾಗಿಯೇ ಆರಿಸಿದ್ದೆ.